ಹೆಪ್ಪಿನ ವಂಶ

ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಊಟಿ ಮುಟ್ಟುವ ಹೊತ್ತಿಗೆ ಸಾವಿರ ಮೀಟರಿಗೂ ಹೆಚ್ಚು ಮೇಲೆ ಬಂದಿರುತ್ತೇವೆ. ಪ್ರವಾಸಿಗರು ಆಗ ಸ್ವೆಟರ್ ಹುಡುಕುತ್ತಾರೆ. ಅಲ್ಲೇ ಸಂಸಾರ ಹೂಡಿದವರ ಚಿಂತೆ ಬೇರೆ. ಮಸಿನಗುಡಿಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಮುಚ್ಚಳ ಎತ್ತಿರುತ್ತದೆ. ಊಟಿಯಲ್ಲಿ ಜನವರಿ ತಿಂಗಳಲ್ಲಿ ಅದೇ ಅಕ್ಕಿ, ಅದೇ ಉದ್ದು, ಆದರೆ ಹಿಟ್ಟು ರುಬ್ಬಿಟ್ಟ ಹಾಗೇ ತಣ್ಣಗೆ ಕೂತಿರುತ್ತದೆ. ಒಲೆಯ ಪಕ್ಕಕ್ಕೆ ಸರಿಸುವುದು, ಕಂಬಳಿ ಸುತ್ತುವುದು, ಬಿಸಿನೀರಿನ ಪಾತ್ರೆಯಲ್ಲಿ ಕೂರಿಸುವುದು, ಹೀಗೆ ಎಷ್ಟೋ ಉಪಚಾರ ಮಾಡಿದ ಮೇಲೆ ಒಂದಿಷ್ಟು ಉಬ್ಬೀತು.

ಹಿಟ್ಟನ್ನು ಉಬ್ಬಿಸುವುದು ಯೀಸ್ಟ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಬ್ರೆಡ್ಡಿಗೆ ಆ ಮಾತು ಸರಿ, ಇಡ್ಲಿಗೆ ಅಲ್ಲ. 1965ರಲ್ಲಿ ಎಸ್.ಕೆ. ಮುಖರ್ಜಿ, ಕೀತ್ ಸ್ಟೈನ್‌ಕ್ರಾಸ್ ಮತ್ತು ಸಂಗಡಿಗರು ಇಡ್ಲಿ ಹಿಟ್ಟಿನಲ್ಲಿರುವ ಜೀವಿಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿ, ಉಬ್ಬಿಸುವ ಮುಖ್ಯ ಕೆಲಸ ಲ್ಯೂಕೊನೊಸ್ಟಾಕ್ ಮೆಸೆಂಟರಾಯಿಡಿಸ್ ಎಂಬ ಬ್ಯಾಕ್ಟೀರಿಯಾದ್ದು ಎಂದು ತೋರಿಸಿದರು. ಅದು ಹೊರಗಿನಿಂದ ಹಾಕಿದ್ದಲ್ಲ, ಬೇಳೆಕಾಳಿನ ಮೇಲೇ ಕೂತು ಬಂದದ್ದು. ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಳಿಯಲ್ಲಿ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಒಂದು ಎರಡಾಗಲು ತೆಗೆದುಕೊಳ್ಳುವ ಹೊತ್ತು ಹಿಗ್ಗುತ್ತದೆ, ಅಷ್ಟೇ. ಅದಕ್ಕೇ ಊಟಿಯ ಹಿಟ್ಟು ಕೆಟ್ಟಿಲ್ಲದಿದ್ದರೂ ಬೆಳಿಗ್ಗೆ ಏಳಕ್ಕೆ ಇಡ್ಲಿ ತಟ್ಟೆಗೆ ಬರುವುದಿಲ್ಲ.

ನೀಲಗಿರಿ ಎಂದರೆ ಚಹಾ ನೆನಪಾಗುತ್ತದೆ, ಚಹಾ ಫ್ಯಾಕ್ಟರಿಗಳಲ್ಲಿ ಫರ್ಮೆಂಟೇಶನ್ ಕೋಣೆ ಎಂದೇ ಒಂದಿರುತ್ತದೆ. ಆದರೆ ಅಲ್ಲಿ ಬ್ಯಾಕ್ಟೀರಿಯಾಗಾಗಲೀ ಯೀಸ್ಟಿಗಾಗಲೀ ಕೆಲಸವಿಲ್ಲ. ಎಲೆಯನ್ನು ಹಿಸುಕಿದಾಗ ಹೊರಬರುವ ಅದರದೇ ಕಿಣ್ವ ಗಾಳಿಯೊಡನೆ ಸೇರಿ ಎಲೆಯನ್ನು ಕೆಂಪಾಗಿಸುತ್ತದೆ. ಸೂಕ್ಷ್ಮಜೀವಿ ಸೇರಿದರೆ ಚಹಾದ ರುಚಿ ಕೆಡುತ್ತದೆ ಎಂದು ನೆಲ ತೊಳೆದು ಒರೆಸುತ್ತಾರೆ. ಈ ಬೆಟ್ಟದಲ್ಲಿ ಸೂಕ್ಷ್ಮಜೀವಿಯನ್ನು ಸಾಕಿದವರನ್ನು ಕಾಣಬೇಕಿದ್ದರೆ ಚಹಾ ಬರುವುದಕ್ಕೂ ಹಿಂದಕ್ಕೆ ಹೋಗಬೇಕು.

ಕೇಂಬ್ರಿಜ್‌ನಿಂದ ಬಂದ ಡಬ್ಲ್ಯು.ಎಚ್.ಆರ್. ರಿವರ್ಸ್ 1901-02ರಲ್ಲಿ, ಚಹಾಕ್ಕೂ ಮುಂಚಿನಿಂದ ಈ ಬೆಟ್ಟದಲ್ಲಿ ಎಮ್ಮೆ ಸಾಕಿಕೊಂಡಿದ್ದ ತೋಡರ ನಡುವೆ ಇದ್ದು, 1906ರಲ್ಲಿ ಅವರ ಬಗ್ಗೆ ದಪ್ಪನೆಯ ಪುಸ್ತಕವೊಂದನ್ನು ಪ್ರಕಟಿಸಿದರು. ಅದರ ದೊಡ್ಡ ಪಾಲು ಎಮ್ಮೆ ಮತ್ತು ಹಾಲಿನದೇ. ತೋಡರಿಗೆ ಹಾಲುಮನೆಯೇ ಗುಡಿ, ಹಾಲು ಕರೆದು ಕಡೆಯುವವನೇ ಪೂಜಾರಿ. ಹಾಲುಮನೆಗೆ ಒಳಕೋಣೆ, ಹೊರಕೋಣೆ ಎಂದು ಎರಡು ಭಾಗ. ಹಾಲು ಕರೆಯುವ, ಕಡೆಯುವ ಪಾತ್ರೆಗಳು ಒಳಗೆ. ಬೆಣ್ಣೆ, ತುಪ್ಪ, ಮಜ್ಜಿಗೆ ಹೊರಗೆ ಕೊಡುವ ಪಾತ್ರೆಗಳು ಹೊರಗೆ. ಒಳಗಿನದು ಹೊರಗಿನದಕ್ಕೆ ತಗುಲುವಂತಿಲ್ಲ. ಅತಿ ಮಡಿಯ ಹಾಲುಮನೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸುರಿಯಲು ನಡುವೆ ಮೂರನೆಯ ಪಾತ್ರೆಯೊಂದು ಇರುತ್ತಿತ್ತು. ಹಿಂದಿನ ದಿನ ಕಡೆದ ಮಜ್ಜಿಗೆಯನ್ನು ಹೊಸ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ತೋಡರು ಅದನ್ನು ‘ಪೆಪ್’ ಎನ್ನುತ್ತಾರೆ. ಹಾಲುಮನೆಯ ಪಾವಿತ್ರ್ಯವೆಲ್ಲ ಈ ಹೆಪ್ಪಿನ ಎಡೆಬಿಡದ ಸರಣಿಯಲ್ಲೇ ನಿಂತಿದೆ ಎಂಬುದು ರಿವರ್ಸ್ ಅವರ ಗ್ರಹಿಕೆ. ಮೈಲಿಗೆಯಾದರೆ ಹಳೆಯ ಹೆಪ್ಪು ನಡೆಯದು. ಹೊಸ ಹೆಪ್ಪು ಮಾಡುವುದಕ್ಕೆಂದೇ ಬೇರೆ ವಿಧಿಯಿತ್ತು.

ಇದನ್ನೆಲ್ಲ ಓದಿ ‘ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು’ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ತೋಡರ ಲೆಕ್ಕದಲ್ಲಿ ಇದ್ದದ್ದು ಮಡಿ, ರೋಗಾಣುವಲ್ಲ. ಹಾಗಿದ್ದರೂ ಅವರ ನಡವಳಿಕೆ ಇಂದಿನ ಪ್ರಯೋಗಾಲಯದ ನಡವಳಿಕೆಗೆ ಎಷ್ಟು ಹತ್ತಿರ ಎಂಬುದನ್ನು ಗಮನಿಸದೆ ಇರಲಾಗದು: ಒಂದು ತಳಿ, ಅದರದೇ ಪಾತ್ರೆ, ಹಳೆಯದರಿಂದ ಚೂರು ತೆಗೆದು ಹೊಸದಕ್ಕೆ ಹಾಕುವುದು, ಬೇರೆಯದು ಬೆರೆತರೆ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರು.

ಹೆಪ್ಪು ಹಾಕುವುದನ್ನೇ ದಶಕಗಟ್ಟಲೆ ಮಾಡುತ್ತ ಬಂದ ಪ್ರಯೋಗವೊಂದು ಅಮೆರಿಕದಲ್ಲಿದೆ. 1988ರ ಫೆಬ್ರುವರಿಯಲ್ಲಿ ರಿಚರ್ಡ್ ಲೆನ್‌ಸ್ಕಿ ಎಂಬ ಜೀವವಿಜ್ಞಾನಿ ಒಂದೇ ಮೂಲದ ಇ. ಕೋಲೈ ಬ್ಯಾಕ್ಟೀರಿಯಾವನ್ನು 12 ಫ್ಲಾಸ್ಕುಗಳಿಗೆ ಹಾಕಿದರು. ಪ್ರತಿ ಫ್ಲಾಸ್ಕಿನಲ್ಲಿ 10 ಮಿಲಿಲೀಟರ್ ದ್ರಾವಣ, ಅದರಲ್ಲಿ ಬೇಕೆಂದೇ ಕಡಿಮೆ ಗ್ಲೂಕೋಸ್. ಮರುದಿನ ನೂರರಲ್ಲಿ ಒಂದು ಭಾಗ ತೆಗೆದು ಹೊಸ ಫ್ಲಾಸ್ಕಿಗೆ. ಅದರ ಮರುದಿನವೂ ಹಾಗೇ. ಹಬ್ಬವಿರಲಿ, ರಜೆಯಿರಲಿ, ಕೆಲಸ ಇಷ್ಟೇ. ದಿನಕ್ಕೆ ಆರೇಳು ತಲೆಮಾರು ಕಳೆಯುತ್ತದೆ. ಈಗ 75,000 ತಲೆಮಾರು ದಾಟಿದೆ. 2020ರ ಕೋವಿಡ್ ಕಾಲದಲ್ಲಿ ಎಲ್ಲವನ್ನೂ ಹೆಪ್ಪುಗಟ್ಟಿಸಿ ಎತ್ತಿಟ್ಟಿದ್ದರು. 2022ರಲ್ಲಿ ಪ್ರಯೋಗ ಮಿಶಿಗನ್‌ನಿಂದ ಟೆಕ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಬ್ಯಾರಿಕ್ ಅವರ ಕೈಗೆ ಹೋಯಿತು.

ಅಲ್ಲಿ ಕಂಡದ್ದೇನು? ಹೆಪ್ಪು ಹಾಗೇ ಉಳಿಯುವುದಿಲ್ಲ. ಹನ್ನೆರಡೂ ಫ್ಲಾಸ್ಕುಗಳಲ್ಲಿ ಮರಿಗಳು ಪೂರ್ವಿಕರಿಗಿಂತ ವೇಗವಾಗಿ ಬೆಳೆಯತೊಡಗಿದವು. ಸುಮಾರು 33,000ನೆಯ ತಲೆಮಾರಿನಲ್ಲಿ, 2003ರಲ್ಲಿ, ಒಂದು ಫ್ಲಾಸ್ಕು ಇದ್ದಕ್ಕಿದ್ದಂತೆ ದಟ್ಟವಾಗಿ ಕದಡಿತು. ಬೇರೆ ಯಾವುದೋ ಬ್ಯಾಕ್ಟೀರಿಯಾ ನುಗ್ಗಿದೆ ಎಂಬ ಅನುಮಾನ ಮೊದಲು ಬಂತು. ನೋಡಿದರೆ ಅದೇ ಇ. ಕೋಲೈ. ದ್ರಾವಣದಲ್ಲಿ ಮೊದಲಿನಿಂದಲೂ ಸಿಟ್ರೇಟ್ ಇತ್ತು, ಗಾಳಿಯಿರುವೆಡೆ ಇ. ಕೋಲೈ ಅದನ್ನು ತಿನ್ನಲಾರದು. ಈ ಫ್ಲಾಸ್ಕಿನದು ತಿನ್ನಲು ಕಲಿತಿತ್ತು. 500 ತಲೆಮಾರಿಗೊಮ್ಮೆ ಮಾದರಿಯನ್ನು ಹೆಪ್ಪುಗಟ್ಟಿಸಿ ಇಡುತ್ತಿದ್ದರಿಂದ ಝಕರಿ ಬ್ಲೌಂಟ್ ಎಂಬ ವಿದ್ಯಾರ್ಥಿ ಅದೇ ಫ್ಲಾಸ್ಕಿನ ಹಳೆಯ ತಲೆಮಾರುಗಳನ್ನು ಎಬ್ಬಿಸಿ ಮತ್ತೆ ಓಡಿಸಿದ. 20,000ನೆಯ ತಲೆಮಾರಿಗೆ ಮುಂಚಿನವು ಸಿಟ್ರೇಟ್ ಮುಟ್ಟಲೇ ಇಲ್ಲ. ಆಮೇಲಿನವುಗಳಲ್ಲಿ ಕೆಲವು ಕಲಿತವು. ಮುಂಚೆಯೇ ಸದ್ದಿಲ್ಲದೆ ಆಗಿದ್ದ ಬದಲಾವಣೆಗಳು ಹಾದಿ ಮಾಡಿಕೊಟ್ಟಿದ್ದವು.

ಬದಲಾವಣೆ ನೋಡಬೇಕೆಂದು ಕೂತವರಿಗೆ ಇದು ಸಂಭ್ರಮ. ಲಸಿಕೆ ಮಾಡುವವರಿಗೆ ಇದೇ ತಲೆನೋವು. ಕ್ಷಯದ ಬಿಸಿಜಿ ಲಸಿಕೆಯ ಕಥೆ ನೋಡಿ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 1921ರವರೆಗೆ ಹದಿಮೂರು ವರ್ಷ, ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಆಲೂಗೆಡ್ಡೆ ಮತ್ತು ಪಿತ್ತರಸದ ಮೇಲೆ ಸುಮಾರು 230 ಸಲ ಒಂದರಿಂದ ಇನ್ನೊಂದಕ್ಕೆ ದಾಟಿಸಿದರು. ದಾಟಿಸುತ್ತ ದಾಟಿಸುತ್ತ ಅದು ರೋಗ ತರುವ ಶಕ್ತಿ ಕಳೆದುಕೊಂಡಿತು, ಲಸಿಕೆ ಹುಟ್ಟಿತು. ಆದರೆ ಆ ತಳಿಯನ್ನು ಒಯ್ದ ದೇಶದೇಶದ ಪ್ರಯೋಗಾಲಯಗಳೂ ದಾಟಿಸುತ್ತಲೇ ಹೋದವು. ಒಂದೊಂದು ಊರಿನ ಬಿಸಿಜಿ ಒಂದೊಂದು ತರಹವಾಯಿತು. 1960ರ ದಶಕದಲ್ಲಿ ಬೀಜದ ತಳಿಯನ್ನು ಒಣಗಿಸಿ ಸೀಸೆಯಲ್ಲಿ ಮುಚ್ಚಿಟ್ಟು, ಪ್ರತಿ ಬಾರಿ ಅಲ್ಲಿಂದಲೇ ಶುರುಮಾಡುವ ಪದ್ಧತಿ ಬಂದ ಮೇಲೆ ಈ ಅಲೆದಾಟ ನಿಂತಿತು.

ನೀಲಗಿರಿಯಲ್ಲಿ ಇಂಥ ಕೆಲಸಕ್ಕೆ ಹೆಸರಾದ ಮನೆ ಕೂನೂರಿನ ಸಿಮ್ಸ್ ಪಾರ್ಕಿನ ಎದುರಿದೆ. ಅದರ ಹುಟ್ಟಿಗೆ ಕಾರಣ ಒಂದು ಸಾವು. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಮಹಿಳೆ ಹುಚ್ಚುನಾಯಿ ಕಡಿತದಿಂದ ತೀರಿಕೊಂಡರು. ಆಗ ಚಿಕಿತ್ಸೆಯಿದ್ದದ್ದು ಹಿಮಾಚಲದ ಕಸೌಲಿಯಲ್ಲಿ. ದಕ್ಷಿಣದವರು ಅಲ್ಲಿಗೆ ಮುಟ್ಟುವುದರೊಳಗೆ ಹೊತ್ತು ಮೀರುತ್ತಿತ್ತು. ಅಮೆರಿಕದ ಉದ್ಯಮಿ ಹೆನ್ರಿ ಫಿಪ್ಸ್ ವೈಸರಾಯ್ ಕರ್ಜನ್ ಅವರಿಗೆ ಕೊಟ್ಟ ದಾನದ ಒಂದು ಪಾಲು ಸೇರಿ 1907ರಲ್ಲಿ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಇನ್‌ಸ್ಟಿಟ್ಯೂಟ್ ತೆರೆಯಿತು. 1977ರಲ್ಲಿ ಅದು ಪಾಶ್ಚರ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಆಯಿತು. ರಾಬರ್ಟ್ ಮೆಕ್‌ಕ್ಯಾರಿಸನ್ ಇಲ್ಲೇ ಆರಂಭಿಸಿದ ಆಹಾರ ಸಂಶೋಧನೆ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆಯಿತು.

ಹುಚ್ಚುನಾಯಿ ರೋಗದ್ದು ವೈರಸ್. ಆದರೆ ಕೂನೂರು ಮಕ್ಕಳಿಗೆ ಹಾಕುವ ಡಿಪಿಟಿ ಲಸಿಕೆಯನ್ನೂ ಮಾಡಿತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರೂ ಬ್ಯಾಕ್ಟೀರಿಯಾದ ರೋಗಗಳು, ಮೂರಕ್ಕೂ ಬ್ಯಾಕ್ಟೀರಿಯಾವನ್ನು ಸಾಕಲೇಬೇಕು. ಗಂಟಲುಮಾರಿಯ ಬ್ಯಾಕ್ಟೀರಿಯಾದ ಸ್ವಭಾವ ವಿಚಿತ್ರ. ಲಸಿಕೆಗೆ ಬೇಕಾದದ್ದು ಅದು ಬಿಡುವ ವಿಷ. ಅದನ್ನು ಫಾರ್ಮಲಿನ್‌ನಲ್ಲಿ ನಿರ್ವಿಷ ಮಾಡಿ ಚುಚ್ಚುತ್ತಾರೆ. ದ್ರಾವಣದಲ್ಲಿ ಕಬ್ಬಿಣದ ಅಂಶ ಒಂದಿಷ್ಟು ಹೆಚ್ಚಾದರೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ವಿಷ ಮಾತ್ರ ಬಿಡುವುದಿಲ್ಲ. ಹೊಟ್ಟೆ ತುಂಬ ಕೊಟ್ಟರೆ ಕೆಲಸ ಮಾಡದ ಈ ಜೀವಿಯನ್ನು ಅರೆಹೊಟ್ಟೆಯಲ್ಲಿ ಇಡುವುದೇ ಕುಶಲತೆ. ಜಗತ್ತಿನ ಹೆಚ್ಚಿನ ಲಸಿಕೆ ತಯಾರಕರು ಇದಕ್ಕೆ ಬಳಸುತ್ತ ಬಂದದ್ದು ಒಂದೇ ತಳಿ, ಪಾರ್ಕ್-ವಿಲಿಯಮ್ಸ್ 8. ನ್ಯೂಯಾರ್ಕ್ ನಗರದ ಪ್ರಯೋಗಾಲಯದಲ್ಲಿ 1894ರಲ್ಲಿ ಆನಾ ವಿಲಿಯಮ್ಸ್ ಬೇರ್ಪಡಿಸಿದ್ದು ಅದು. ಮುಖ್ಯಸ್ಥ ವಿಲಿಯಂ ಪಾರ್ಕ್ ಆಗ ರಜೆಯಲ್ಲಿದ್ದರು, ಹೆಸರಿನಲ್ಲಿ ಮಾತ್ರ ಅವರೇ ಮುಂದೆ.

ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಇನ್ನೂ ನಾಜೂಕು. ರೋಗಿಯ ಗಂಟಲಿನಿಂದ ತಂದಾಗ ಇರುವ ಗುಣ ಪ್ರಯೋಗಾಲಯದಲ್ಲಿ ಸಲಸಲ ದಾಟಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗುತ್ತದೆ ಎಂದು ಲೆಸ್ಲಿ ಮತ್ತು ಗಾರ್ಡ್ನರ್ 1931ರಲ್ಲೇ ತೋರಿಸಿದ್ದರು. ಇಳಿದ ತಳಿಯಿಂದ ಮಾಡಿದ ಲಸಿಕೆಗೆ ಬಲವಿಲ್ಲ. ಸೀಸೆ ಒಡೆದು ಎಬ್ಬಿಸಿದ ತಳಿಯನ್ನು ಎಷ್ಟು ಸಲ ದಾಟಿಸಬಹುದು ಎಂಬುದಕ್ಕೆ ಅದರಿಂದಾಗಿ ಕಟ್ಟುನಿಟ್ಟಾದ ಮಿತಿಯಿದೆ. ಕೋಣೆಯ ಗಾಳಿ, ಉಡುಪು, ದಾಖಲೆಪುಸ್ತಕ ಎಲ್ಲಕ್ಕೂ ನಿಯಮ. ಈ ನಿಯಮಗಳ ಮಟ್ಟ ಮುಟ್ಟಿಲ್ಲವೆಂದು 2008ರ ಜನವರಿಯಲ್ಲಿ ಕೂನೂರು, ಕಸೌಲಿ ಮತ್ತು ಚೆನ್ನೈನ ಗಿಂಡಿಯ ಬಿಸಿಜಿ ಪ್ರಯೋಗಾಲಯ, ಮೂರರ ಉತ್ಪಾದನಾ ಪರವಾನಗಿಯನ್ನೂ ಕೇಂದ್ರ ಅಮಾನತು ಮಾಡಿತು. ದೇಶದ ಮಕ್ಕಳಿಗೆ ಲಸಿಕೆ ಕೊಡುತ್ತಿದ್ದ ಸರ್ಕಾರಿ ಸಂಸ್ಥೆಗಳು ಒಮ್ಮೆಲೇ ಕೈಕಟ್ಟಿ ಕೂತದ್ದು ದೊಡ್ಡ ವಿವಾದವಾಯಿತು. 2010ರಲ್ಲಿ ಅಮಾನತು ರದ್ದಾಯಿತು. ಕೊರತೆಯಿದ್ದರೆ ಸರಿಪಡಿಸಬೇಕಿತ್ತು, ಒಲೆಯನ್ನೇ ಆರಿಸಬೇಕಿರಲಿಲ್ಲ ಎಂಬ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ.

ಯೀಸ್ಟಿನ ಮಾತಿಗೆ ಬರಲು ಬೆಟ್ಟ ಇಳಿದು, ಗುಂಡ್ಲುಪೇಟೆ ದಾಟಿ ಬೆಂಗಳೂರಿಗೆ ಬರಬೇಕು. ಪಿಚಿಯಾ ಎಂಬ ಯೀಸ್ಟಿನಿಂದ ಮಾನವ ಇನ್ಸುಲಿನ್ ಮಾಡಿಸಿ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದದ್ದು ಬಹಳ ಮಂದಿಗೆ ಗೊತ್ತು. ಅಷ್ಟು ಸುದ್ದಿಯಾಗದ ಕೆಲಸ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ನಡೆದಿದೆ. ಸುನೀಲ್ ಲಕ್ಷ್ಮಣ್ ಅವರ ತಂಡ, ಪಕ್ಕದ ಎನ್‌ಸಿಬಿಎಸ್ ಸಂಸ್ಥೆಯ ಸಂದೀಪ್ ಕೃಷ್ಣ ಅವರೊಡನೆ ಸೇರಿ, ಸಕ್ಕರೆ ಬಹಳ ಕಡಿಮೆಯಿರುವ ತಟ್ಟೆಯ ಮೇಲೆ ಒಂದೇ ತಳಿಯ ಯೀಸ್ಟ್ ಬೆಳೆಸಿತು. ದಿನ ಕಳೆದಂತೆ ಯೀಸ್ಟಿನ ಗುಂಪಿನಲ್ಲಿ ತಿಳಿ ಮತ್ತು ಗಾಢ ಬಣ್ಣದ ಪಟ್ಟೆಗಳು ಮೂಡಿದವು. ಗಾಢ ಭಾಗದ ಕೋಶಗಳು ಇದ್ದ ಪೋಷಕಾಂಶದಿಂದ ಟ್ರೆಹಲೋಸ್ ಎಂಬ ಸಕ್ಕರೆ ತಯಾರಿಸುತ್ತವೆ. ಅದು ಸುತ್ತ ಒಂದು ಮಟ್ಟ ಮೀರಿ ಕೂಡಿದಾಗ ಕೆಲವು ಕೋಶಗಳು ತಯಾರಿಕೆ ಬಿಟ್ಟು ಅದನ್ನೇ ಉಂಡು ವೇಗವಾಗಿ ಬೆಳೆಯತೊಡಗುತ್ತವೆ; ಅವೇ ತಿಳಿ ಭಾಗ. ಉಣ್ಣುವವರು ಹೆಚ್ಚಾದರೆ ಸಕ್ಕರೆ ಇಳಿಯುತ್ತದೆ, ಹೀಗಾಗಿ ಎಲ್ಲರೂ ಉಣ್ಣುವವರಾಗಲಾರರು. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಸ್ವಾರಸ್ಯ ಎಂದರೆ, ಇಲ್ಲಿ ಜೀನು ಬದಲಾಗಿಲ್ಲ. ಕೋಶಗಳೆಲ್ಲ ಒಂದೇ ತಾಯಿಯ ಮಕ್ಕಳು. ಕೆಲಸ ಹಂಚಿಕೊಟ್ಟದ್ದು ಹಸಿವು.

ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ವಿಲಿಯಂ ರ‍್ಯಾಟ್‌ಕ್ಲಿಫ್ ಅವರ ತಂಡ ಜೀನು ಬದಲಾಗಲೆಂದೇ ಬ್ರೆಡ್ಡಿನ ಯೀಸ್ಟನ್ನು ದಿನಾ ದಾಟಿಸುತ್ತಿದೆ. ದ್ರಾವಣವನ್ನು ಕಲಕಿ ಬಿಟ್ಟು, ಬೇಗ ತಳ ಸೇರಿದ್ದನ್ನು ಮಾತ್ರ ಮುಂದಿನ ನಳಿಕೆಗೆ ಹಾಕುತ್ತಾರೆ. ಭಾರವಿದ್ದದ್ದು ಗೆಲ್ಲುತ್ತದೆ. 2012ರ ಮೊದಲ ವರದಿಯ ಪ್ರಕಾರ 60 ದಿನದೊಳಗೆ, ಮರಿ ಕೋಶಗಳು ತಾಯಿಯಿಂದ ಬೇರ್ಪಡದೆ ಅಂಟಿಕೊಂಡು ಹಿಮದ ಹಳಕಿನಂತೆ ಕವಲೊಡೆದ ಗೊಂಚಲುಗಳಾದವು. 2023ರ ವರದಿಯಲ್ಲಿ, 600 ದಿನ ಮತ್ತು ಸುಮಾರು 3,000 ತಲೆಮಾರಿನ ಬಳಿಕ, ಗೊಂಚಲುಗಳು 20,000 ಪಟ್ಟು ದೊಡ್ಡವಾಗಿ ಬರಿಗಣ್ಣಿಗೇ ಕಾಣುವಷ್ಟಾಗಿದ್ದವು. ಕೋಶಗಳು ಉದ್ದವಾಗಿ, ಕವಲುಗಳು ಒಂದಕ್ಕೊಂದು ಹೆಣೆದುಕೊಂಡು ಮರದಷ್ಟು ಗಟ್ಟಿಯಾಗಿದ್ದವು. ಆಮ್ಲಜನಕ ಬಳಸದೆ ಬೆಳೆದ ಸಾಲುಗಳಲ್ಲಿ ಮಾತ್ರ ಹೀಗಾಯಿತು. ಉಸಿರಾಡಿದವು ಚಿಕ್ಕವಾಗಿಯೇ ಉಳಿದವು. 2025ರಲ್ಲಿ ಅದೇ ತಂಡ ಹಳೆಯ ಮಾದರಿಗಳನ್ನು ತೆಗೆದು ನೋಡಿದಾಗ, ದೊಡ್ಡವಾದ ಸಾಲುಗಳು ಮೊದಲ 50 ದಿನಗಳಲ್ಲೇ ತಮ್ಮ ಇಡೀ ಜೀನೋಮನ್ನು ಇಮ್ಮಡಿ ಮಾಡಿಕೊಂಡಿದ್ದವೆಂದೂ, ಸಾಮಾನ್ಯವಾಗಿ ಬೇಗ ಕಳೆದುಹೋಗುವ ಆ ಇಮ್ಮಡಿ ಗಂಟನ್ನು ಸಾವಿರ ದಿನ ಬಿಡದೆ ಹೊತ್ತಿದ್ದವೆಂದೂ ಗೊತ್ತಾಯಿತು. ಅದು ಕೋಶವನ್ನು ದಪ್ಪ ಮಾಡಿ ಗೊಂಚಲಿಗೆ ಗಾತ್ರ ಕೊಡುತ್ತಿತ್ತು.