ಫಾರ್ಮ್ಯಾಟ್ ಮಾಡಿಸುವ ಮುನ್ನ: ಹಳೆಯ ಗಣಕಯಂತ್ರದ ಮೂಲ ವ್ಯವಸ್ಥೆಯನ್ನು ಗುರುತಿಸಿ ಮರಳಿ ಸ್ಥಾಪಿಸುವ ಬಗೆ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಾಗಲಿ, ಗುಬ್ಬಿಯ ಅಡಿಕೆ ಮಂಡಿಗಳಲ್ಲಾಗಲಿ, ಕುಣಿಗಲ್ ಪೇಟೆಯ ಸಗಟು ಅಂಗಡಿಗಳಲ್ಲಾಗಲಿ, ಲೆಕ್ಕದ ಕೋಣೆಯ ಮೂಲೆಯಲ್ಲಿ ಹಳೆಯ ಗಣಕಯಂತ್ರವೊಂದು ಕುಳಿತಿರುವುದು ಅಪರೂಪದ ನೋಟವಲ್ಲ. ಹೊಸ ಯಂತ್ರ ಬಂದಿರುತ್ತದೆ, ಜಿ.ಎಸ್.ಟಿ. ವಿವರಪಟ್ಟಿಗಳು ಅದರಿಂದಲೇ ಸಲ್ಲಿಕೆಯಾಗುತ್ತವೆ. ಆದರೂ ಹಳೆಯದನ್ನು ಗುಜರಿಗೆ ಹಾಕಲು ಮಾಲೀಕರಿಗೆ ಮನಸ್ಸು ಬಾರದು. ಹತ್ತಾರು ವರ್ಷಗಳ ಖಾತೆಗಳು ಅದರಲ್ಲಿವೆ. ಇಲ್ಲವೇ ವೇಬ್ರಿಡ್ಜಿನ ತೂಕವನ್ನು ದಾಖಲಿಸುವ ಅಥವಾ ಸಿ.ಎನ್.ಸಿ. ಲೇತಿಗೆ ಪ್ರೋಗ್ರಾಂ ಕಳುಹಿಸುವ ತಂತ್ರಾಂಶ ಅದರಲ್ಲಿ ಮಾತ್ರ ನಡೆಯುತ್ತದೆ.

ಇಂತಹ ಯಂತ್ರ ಒಂದು ದಿನ ಏಳದೆ ಹೋದಾಗ ದುರಸ್ತಿಯವರಿಂದ ಸಾಮಾನ್ಯವಾಗಿ ಬರುವ ಸಲಹೆ ಒಂದೇ: "ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿ ಹೊಸದು ಹಾಕ್ಬಿಡೋಣ." ಯಂತ್ರದ ಬೆಲೆಯನ್ನಷ್ಟೇ ನೋಡಿದರೆ ಈ ಸಲಹೆ ಸರಿಯೆನಿಸಬಹುದು. ಆದರೆ ಅದರೊಳಗಿನ ವ್ಯವಹಾರದ ಬೆಲೆಯನ್ನು ಲೆಕ್ಕಕ್ಕೆ ಹಿಡಿದರೆ ಇದಕ್ಕಿಂತ ದುಬಾರಿ ಸಲಹೆ ಇನ್ನೊಂದಿಲ್ಲ. ಮೊದಲು ನಕಲು, ಅನಂತರ ಗುರುತು, ಕಡೆಯಲ್ಲಿ ಮರುಸ್ಥಾಪನೆ. ಈ ಕ್ರಮ ತಪ್ಪಬಾರದೆಂಬುದೇ ಪ್ರಸ್ತುತ ಲೇಖನದ ಸಾರ.

ಮೂಲ ವ್ಯವಸ್ಥೆಯೇ ಏಕೆ?

ಆಪರೇಟಿಂಗ್ ಸಿಸ್ಟಂ ಎಂಬುದು ಅಂಗಡಿಯ ಹಳೆಯ ಗುಮಾಸ್ತನಿದ್ದಂತೆ. ಯಾವ ಕಡತ ಎಲ್ಲಿದೆ, ಯಾವ ಮುದ್ರಕಕ್ಕೆ ಹೇಗೆ ಆಜ್ಞೆ ಕೊಡಬೇಕು ಎಂಬುದು ಅದಕ್ಕೆ ಗೊತ್ತು. ಅದನ್ನು ಬದಲಿಸಿದರೆ ಹೊಸಬನಿಗೆ ಹಳೆಯ ಕೆಲಸ ತಿಳಿಯುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು ನೇರವಾಗಿ ನಡೆಯುವುದಿಲ್ಲ; ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ. ಮುದ್ರಕದ 25 ಪಿನ್ನಿನ ಪೋರ್ಟಿಗೆ ಸಿಕ್ಕಿಸುತ್ತಿದ್ದ ಹಾರ್ಡ್‌ವೇರ್ ಲಾಕ್‌ಗಳಿಗೆ ಹೊಸ ಯಂತ್ರಗಳಲ್ಲಿ ಜಾಗವೇ ಇರುವುದಿಲ್ಲ.

ಕನ್ನಡದಲ್ಲಿ ಲೆಕ್ಕ, ಪತ್ರವ್ಯವಹಾರ ಇಟ್ಟವರಿಗೆ ಇನ್ನೊಂದು ತೊಡಕಿದೆ. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವುಗಳ ಆರಂಭದ ಕಾಲದಲ್ಲಿ ಬೆರಳಚ್ಚು ಮಾಡಿದ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ರೈತರ ಹೆಸರು, ಊರು, ಬಾಕಿಯ ವಿವರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೋರುತ್ತವೆ. ವಿಂಡೋಸ್ ತನ್ನೊಳಗೇ ಯೂನಿಕೋಡ್ ಕನ್ನಡವನ್ನು ಅಳವಡಿಸಿಕೊಂಡದ್ದು 2001ರ ಎಕ್ಸ್‌ಪಿಯಿಂದ. ತುಂಗಾ ಎಂಬ ಅಕ್ಷರಶೈಲಿ ಅದರೊಡನೆಯೇ ಬಂದಿತು. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಕನ್ನಡವೆಂದರೆ ಆ ಯಂತ್ರದಲ್ಲಿದ್ದ ಅಕ್ಷರಶೈಲಿಯೇ ಸರಿ. ಫಾರ್ಮ್ಯಾಟ್ ಮಾಡಿದಾಗ ಅದೂ ಅಳಿಸಿಹೋಗುತ್ತದೆ.

ಕಾನೂನಿನ ದೃಷ್ಟಿ

ಕಂಪನಿಗಳ ಕಾಯಿದೆ 2013ರ 128ನೇ ಕಲಮಿನ ಪ್ರಕಾರ ಕಂಪನಿಗಳು ಕನಿಷ್ಠ 8 ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮು, ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಕೊಳ್ಳಬೇಕೆನ್ನುತ್ತದೆ. ಮೇಲ್ಮನವಿಯಂತಹ ನಡಾವಳಿ ಬಾಕಿಯಿದ್ದರೆ ಅಂತಿಮ ತೀರ್ಮಾನದ ನಂತರ ಒಂದು ವರ್ಷ ಅಥವಾ ಮೇಲಿನ ಅವಧಿ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ನಮ್ಮ ರಾಜ್ಯದಲ್ಲಿ ವ್ಯಾಟ್ ಜಾರಿಗೆ ಬಂದದ್ದು 2005ರ ಏಪ್ರಿಲ್ 1ರಂದು, ಜಿ.ಎಸ್.ಟಿ. ಬಂದದ್ದು 2017ರ ಜುಲೈ 1ರಂದು. ಈ ನಡುವಿನ ಹನ್ನೆರಡು ವರ್ಷಗಳ ವಿವಾದವೇನಾದರೂ ಬಗೆಹರಿಯದೆ ಉಳಿದಿದ್ದರೆ, ಅದರ ಸಾಕ್ಷ್ಯ ಇರುವುದು ಮೂಲೆಯ ಆ ಯಂತ್ರದಲ್ಲೇ.

ಇನ್ನು ಪರವಾನಗಿಯ ವಿಷಯ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿ ಆ ಯಂತ್ರಕ್ಕೆ ಸೇರಿದ್ದು. ದುರಸ್ತಿಯ ಹೆಸರಿನಲ್ಲಿ ಅದನ್ನು ಅಳಿಸಿ ಕಳ್ಳಪ್ರತಿ ಹಾಕಿಸಿಕೊಂಡರೆ, ಹಣ ಕೊಟ್ಟು ಪಡೆದ ಹಕ್ಕನ್ನು ಬಿಟ್ಟುಕೊಟ್ಟು ಅಪರಾಧವನ್ನು ಕೊಂಡಂತೆ. ಕೃತಿಸ್ವಾಮ್ಯ ಕಾಯಿದೆ 1957ರ 63-ಬಿ ಕಲಮು, ತಿಳಿದೂ ಕಳ್ಳಪ್ರತಿಯನ್ನು ಗಣಕದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಲಾಭಕ್ಕಾಗಿ ಅಥವಾ ವ್ಯಾಪಾರದ ಸಲುವಾಗಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು; ವರ್ತಕರಿಗೆ ಆ ರಿಯಾಯಿತಿ ಸಿಗುವಂತಿಲ್ಲ. ಅದೇ ಕಾಯಿದೆಯ 52ನೇ ಕಲಮು, ನ್ಯಾಯಬದ್ಧವಾಗಿ ತಂತ್ರಾಂಶ ಹೊಂದಿದವರು ನಷ್ಟದ ವಿರುದ್ಧ ರಕ್ಷಣೆಗಾಗಿ ನಕಲು ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ.

ಮೊದಲ ಹೆಜ್ಜೆ: ನಕಲು

ಯಂತ್ರ ಏಳದಿದ್ದರೆ ಪದೇ ಪದೇ ಚಾಲೂ ಮಾಡಬಾರದು. ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಆ ಕ್ಷಣವೇ ನಿಲ್ಲಿಸಿ, ದತ್ತಾಂಶ ಮರಳಿ ಪಡೆಯುವ ಪರಿಣತರಿಗೆ ಒಪ್ಪಿಸುವುದು ಲೇಸು. ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಅದನ್ನು ಹೊರತೆಗೆದು, ಐ.ಡಿ.ಇ. ಅಥವಾ ಸಾಟಾ ಡಿಸ್ಕನ್ನು ಯು.ಎಸ್.ಬಿ.ಗೆ ಜೋಡಿಸುವ ಅಡಾಪ್ಟರಿನ ಮೂಲಕ ಬೇರೊಂದು ಯಂತ್ರಕ್ಕೆ ಕೊಡಬಹುದು. ಈ ಅಡಾಪ್ಟರುಗಳೂ ಹಳೆಯ ಬಿಡಿಭಾಗಗಳೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ.

ಹಳೆಯ ಡಿಸ್ಕಿನಲ್ಲಿರುವುದು ಯುನಿಕ್ಸ್ ಅಥವಾ ಲಿನಕ್ಸ್ ಆಗಿದ್ದರೆ ವಿಂಡೋಸ್ ಅದನ್ನು ಓದಲಾರದೆ, "ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?" ಎಂದು ಕೇಳುತ್ತದೆ. ಉತ್ತರ ಯಾವಾಗಲೂ "ಬೇಡ" ಎಂದೇ ಇರಬೇಕು. 1990ರ ದಶಕದಲ್ಲಿ ಅನೇಕ ಕಚೇರಿಗಳು ಎಸ್.ಸಿ.ಓ. ಯುನಿಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದವು. ಆ ಕಾಲದ ಡಿಸ್ಕುಗಳಿಗೆ ಈ ಅಪಾಯ ಹೆಚ್ಚು.

ಕೇವಲ ಲೆಕ್ಕದ ಫೋಲ್ಡರನ್ನು ನಕಲು ಮಾಡಿದರೆ ಸಾಲದು. ತಂತ್ರಾಂಶದ ನೋಂದಣಿ, ಲಾಕಿನ ಚಾಲಕ, ಅಕ್ಷರಶೈಲಿ, ಗುಪ್ತ ವಿಭಾಗ ಇವೆಲ್ಲ ಡಿಸ್ಕಿನ ಬೇರೆ ಬೇರೆ ಕಡೆ ಇರುತ್ತವೆ. ಆದ್ದರಿಂದ ಕ್ಲೋನ್‌ಜಿಲ್ಲಾದಂತಹ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿರೂಪ ತೆಗೆಯಬೇಕು. ಎರಡು ಪ್ರತಿಗಳಿರಲಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆಯೇ ನಡೆಯಬೇಕು, ಮೂಲ ಡಿಸ್ಕಿನ ಮೇಲಲ್ಲ.

ಎರಡನೆಯ ಹೆಜ್ಜೆ: ಗುರುತು

ಯಂತ್ರದಲ್ಲಿ ಕಡೆಯದಾಗಿ ನಡೆಯುತ್ತಿದ್ದ ವ್ಯವಸ್ಥೆಯೇ ಅದರೊಡನೆ ಬಂದದ್ದೆಂದು ಭಾವಿಸಬಾರದು. ವಿಂಡೋಸ್ 7ರೊಡನೆ ಬಂದ ಯಂತ್ರಗಳಿಗೆ 2015ರ ಜುಲೈ 29ರಿಂದ ಒಂದು ವರ್ಷ ವಿಂಡೋಸ್ 10 ಉಚಿತವಾಗಿ ದೊರೆಯುತ್ತಿತ್ತು. ಇನ್ನು ಕೆಲವು ಯಂತ್ರಗಳಲ್ಲಿ ಯಾರೋ ಯಾವಾಗಲೋ ಬದಲಿಸಿರುತ್ತಾರೆ. ಸತ್ಯವನ್ನು ತಿಳಿಯಲು ಈ ಗುರುತುಗಳು ನೆರವಾಗುತ್ತವೆ.

1. ಪೆಟ್ಟಿಗೆಯ ಮೇಲಿನ ಚೀಟಿ. ಎಕ್ಸ್‌ಪಿ, ವಿಸ್ತಾ, ವಿಂಡೋಸ್ 7ರ ಕಾಲದ ಯಂತ್ರಗಳ ಪಕ್ಕದಲ್ಲಿ ಅಥವಾ ಲ್ಯಾಪ್‌ಟಾಪಿನ ಅಡಿಯಲ್ಲಿ ಮೈಕ್ರೋಸಾಫ್ಟಿನ ಪ್ರಮಾಣಚೀಟಿ ಇರುತ್ತದೆ. ಅದರಲ್ಲಿ ಆವೃತ್ತಿಯ ಹೆಸರು, 25 ಅಕ್ಷರಗಳ ಕೀಲಿ ಮುದ್ರಿತವಾಗಿರುತ್ತವೆ. ಕೈ ತಾಗಿ ಅಳಿಸುವ ಮುನ್ನ ಇದರ ಛಾಯಾಚಿತ್ರ ತೆಗೆದಿಡಬೇಕು. 2012ರ ವಿಂಡೋಸ್ 8ರಿಂದೀಚೆಗೆ ಕೀಲಿ ಚೀಟಿಯಲ್ಲಿರದೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಅಡಗಿರುತ್ತದೆ.

2. ಡಿಸ್ಕಿನೊಳಗಿನ ಫೋಲ್ಡರುಗಳು. 'ವಿನ್‌ಎನ್‌ಟಿ' ಎಂಬ ಫೋಲ್ಡರ್ ಇದ್ದರೆ ಅದು ಸಾಮಾನ್ಯವಾಗಿ ವಿಂಡೋಸ್ ಎನ್‌ಟಿ ಅಥವಾ 2000. 'ವಿಂಡೋಸ್' ಫೋಲ್ಡರಿನೊಡನೆ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಮತ್ತು ಆರಂಭಕ ಕಡತವಾದ 'ಎನ್‌ಟಿಎಲ್‌ಡಿಆರ್' ಇದ್ದರೆ ಎಕ್ಸ್‌ಪಿ. 'ಯೂಸರ್ಸ್' ಫೋಲ್ಡರೂ 'ಬೂಟ್‌ಎಂಜಿಆರ್' ಕಡತವೂ ಇದ್ದರೆ ವಿಸ್ತಾ ಅಥವಾ ಅನಂತರದ್ದು. 'ಎನ್‌ಟಿಎಲ್‌ಡಿಆರ್' ಇಲ್ಲದೆ 'ಐಓ.ಸಿಸ್' ಇದ್ದರೆ ಡಾಸ್ ಅಥವಾ ವಿಂಡೋಸ್ 95, 98ರ ವಂಶ. ಈ ಆರಂಭಕ ಕಡತಗಳು ಕಣ್ಣಿಗೆ ಕಾಣದಂತೆ ಇರಿಸಲ್ಪಟ್ಟಿರುವುದರಿಂದ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಮೊದಲು ಒತ್ತಬೇಕು.

3. ದಿನಾಂಕಗಳ ತಾಳೆ. ಯಂತ್ರ ಏಳುವಂತಿದ್ದರೆ ಎಕ್ಸ್‌ಪಿ ಪ್ರೊಫೆಷನಲ್ ಹಾಗೂ ಅನಂತರದವುಗಳಲ್ಲಿ 'ಸಿಸ್ಟಂಇನ್ಫೋ' ಎಂಬ ಆಜ್ಞೆ ವ್ಯವಸ್ಥೆ ಸ್ಥಾಪನೆಯಾದ ದಿನಾಂಕವನ್ನೂ ಬಯೋಸ್ ದಿನಾಂಕವನ್ನೂ ತೋರಿಸುತ್ತದೆ. ಖರೀದಿ ಬಿಲ್ಲಿಗಿಂತ ಸ್ಥಾಪನೆಯ ದಿನಾಂಕ ಎಷ್ಟೋ ವರ್ಷ ಈಚಿನದಾಗಿದ್ದರೆ, ಇರುವುದು ಮೂಲದ್ದಲ್ಲ ಅಥವಾ ಮೂಲದ್ದನ್ನೇ ಮತ್ತೆ ಹಾಕಿದ್ದಾರೆ ಎಂದು ತಿಳಿಯಬೇಕು.

4. ಗುಪ್ತ ವಿಭಾಗ. ಹೆಸರಾಂತ ತಯಾರಕರು ಡಿಸ್ಕಿನ ಒಂದು ಭಾಗದಲ್ಲಿ ಮೂಲ ವ್ಯವಸ್ಥೆಯ ಪ್ರತಿಯನ್ನು ಬಚ್ಚಿಟ್ಟಿರುತ್ತಾರೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಇದು ಡ್ರೈವ್ ಅಕ್ಷರವಿಲ್ಲದ, ಕೆಲವು ಗಿಗಾಬೈಟ್‌ಗಳ ವಿಭಾಗವಾಗಿ ಕಾಣುತ್ತದೆ. ಖಾಲಿ ಜಾಗವೆಂದು ಇದನ್ನು ಅಳಿಸಿಬಿಡುವುದು ದುರಸ್ತಿಯಲ್ಲಿ ಆಗುವ ದೊಡ್ಡ ಅನಾಹುತ. ವಿಪ್ರೋ, ಎಚ್.ಸಿ.ಎಲ್. ಕಂಪನಿಗಳು 2013ರಲ್ಲಿ ಗಣಕ ತಯಾರಿಕೆಯಿಂದ ಹಿಂದೆ ಸರಿದವು. ಇಂತಹ ಯಂತ್ರಗಳ ಮಟ್ಟಿಗೆ ಡಿಸ್ಕಿನಲ್ಲಿ ಉಳಿದ ಪ್ರತಿಯನ್ನು ಕಳೆದುಕೊಂಡರೆ ಮತ್ತೆ ಪಡೆಯುವುದು ಕಷ್ಟ.

5. ಖರೀದಿ ಬಿಲ್ಲು. ಬಿಡಿಭಾಗ ಜೋಡಿಸಿ ಮಾಡಿಸಿದ ಯಂತ್ರವಾದರೆ ಚೀಟಿಯೂ ಇರದು, ಗುಪ್ತ ವಿಭಾಗವೂ ಇರದು. ಬಿಲ್ಲಿನಲ್ಲಿ ವಿಂಡೋಸ್‌ನ ಉಲ್ಲೇಖವಿಲ್ಲದಿದ್ದರೆ ಮರುಸ್ಥಾಪಿಸಲು ಮೂಲ ಪರವಾನಗಿಯೇ ಇಲ್ಲವೆಂದು ಅರ್ಥ. ಬಿಲ್ಲಿನಲ್ಲಿ 'ಡಾಸ್' ಎಂದಿರುವ ಲ್ಯಾಪ್‌ಟಾಪುಗಳೂ ಉಂಟು. ಬೆಲೆ ತಗ್ಗಿಸಲು ಅವನ್ನು ಫ್ರೀಡಾಸ್ ಎಂಬ ಉಚಿತ ವ್ಯವಸ್ಥೆಯೊಡನೆ ಮಾರುತ್ತಿದ್ದರು. ಅನಂತರ ಅಂಗಡಿಯಲ್ಲಿ ಹಾಕಿಸಿದ ವಿಂಡೋಸ್ ಅವುಗಳ ಮೂಲ ವ್ಯವಸ್ಥೆಯಲ್ಲ. ಇಂತಹ ಸಂದರ್ಭಗಳಲ್ಲಿ ದತ್ತಾಂಶವನ್ನಷ್ಟೇ ಹೊರತೆಗೆದು, ಡಾಸ್ ತಂತ್ರಾಂಶವಾದರೆ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ನಡೆಸಿ ನೋಡುವುದು ಸರಿಯಾದ ಮಾರ್ಗ.

ಮೂರನೆಯ ಹೆಜ್ಜೆ: ಮರುಸ್ಥಾಪನೆ

ಮೊದಲು ಯಂತ್ರದ ಮೈ ನೋಡಬೇಕು. ಮದರ್‌ಬೋರ್ಡಿನ ಮೇಲಿನ ಸಿ.ಆರ್. 2032 ಬ್ಯಾಟರಿ ಬರಿದಾಗಿದ್ದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ, ಡಿಸ್ಕಿನ ಸೆಟ್ಟಿಂಗ್ ಕಳೆದುಹೋಗುತ್ತದೆ. ಎಷ್ಟೋ ವೇಳೆ "ವಿಂಡೋಸ್ ಹೋಗಿದೆ" ಎಂಬುದರ ನಿಜವಾದ ಕಾರಣ ಈ ಚಿಕ್ಕ ಬ್ಯಾಟರಿಯೇ. 2000ದ ದಶಕದ ಆದಿಯಲ್ಲಿ ತಯಾರಾದ ಬೋರ್ಡುಗಳಲ್ಲಿ ಕೆಪಾಸಿಟರುಗಳು ಉಬ್ಬಿ ಕೆಡುವುದು ಲೋಕವಿದಿತ ದೋಷ. ಇವೆರಡನ್ನೂ ಸರಿಪಡಿಸಿದ ಮೇಲೆಯೇ ತಂತ್ರಾಂಶದತ್ತ ಕೈ ಹಾಕಬೇಕು.

ಗುಪ್ತ ವಿಭಾಗವಿದ್ದರೆ ಚಾಲೂ ಮಾಡುವಾಗ ನಿಗದಿತ ಕೀಲಿ ಒತ್ತಿ ಅದನ್ನು ಎಬ್ಬಿಸಬಹುದು. ಎಚ್.ಪಿ. ಯಂತ್ರಗಳಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಮತ್ತು ಎಫ್10, ಎಕ್ಸ್‌ಪಿ ಕಾಲದ ಡೆಲ್‌ಗಳಲ್ಲಿ ಕಂಟ್ರೋಲ್ ಮತ್ತು ಎಫ್11 ಸಾಮಾನ್ಯ. ಈ ಕ್ರಿಯೆ ಸಿ ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸಿ ಯಂತ್ರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುತ್ತದೆ. ನಕಲು ಮೊದಲು ಎಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ. ಇಂತಹ ಯಂತ್ರಗಳಲ್ಲಿ ವಿಂಡೋಸ್ ತನ್ನ ತಯಾರಕನ ಗುರುತನ್ನು ಬಯೋಸ್‌ನಲ್ಲೇ ಪರೀಕ್ಷಿಸಿಕೊಳ್ಳುವುದರಿಂದ ಬೇರೆ ಸಕ್ರಿಯಗೊಳಿಸುವಿಕೆ ಕೇಳುವುದಿಲ್ಲ. ಆದರೆ ಹಿಂದೆಂದಾದರೂ ಬೇರೆ ತಯಾರಕರ ಮದರ್‌ಬೋರ್ಡ್ ಹಾಕಿಸಿದ್ದರೆ ಈ ಅನುಕೂಲ ತಪ್ಪುತ್ತದೆ.

ಮೂಲ ಸಿ.ಡಿ.ಯಿಂದ ಎಕ್ಸ್‌ಪಿ ಹಾಕುವವರು ಚೀಟಿಯಲ್ಲಿರುವ ಆವೃತ್ತಿಯನ್ನೇ ಬಳಸಬೇಕು. ಹೋಂ ಆವೃತ್ತಿಯ ಕೀಲಿ ಪ್ರೊಫೆಷನಲ್‌ಗೆ ಒಗ್ಗದು. ಸಾಟಾ ಡಿಸ್ಕ್ ಇದ್ದು ನೀಲಿ ಪರದೆ ಬಂದರೆ ಬಯೋಸ್‌ನಲ್ಲಿ ಡಿಸ್ಕಿನ ವಿಧಾನವನ್ನು ಎ.ಎಚ್.ಸಿ.ಐ.ಯಿಂದ ಐ.ಡಿ.ಇ.ಗೆ ಬದಲಿಸಿ ನೋಡಬೇಕು. ವ್ಯವಸ್ಥೆ ಎದ್ದ ಮೇಲೆ ಕ್ರಮವಾಗಿ ಚಾಲಕಗಳು, ಲಾಕ್, ಮುದ್ರಕ, ಅಕ್ಷರಶೈಲಿಗಳು, ಕಡೆಯಲ್ಲಿ ನಕಲಿನಿಂದ ಲೆಕ್ಕದ ದತ್ತಾಂಶ. ಹಳೆಯ ಒಂದು ಮುದ್ರಿತ ಜಮಾಖರ್ಚು ಪಟ್ಟಿಯೊಡನೆ ಬಾಕಿಗಳನ್ನು ತಾಳೆ ನೋಡಿದ ನಂತರವೇ ಕೆಲಸ ಮುಗಿಯಿತೆನ್ನಬೇಕು.

ಮರಳಿ ಬಂದ ಯಂತ್ರದ ಬಳಕೆ

ವಿಂಡೋಸ್ 98ಕ್ಕೆ 2006ರಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ತಯಾರಕರ ಬೆಂಬಲ ಮುಗಿದಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಾಣು ಜಗತ್ತಿನಾದ್ಯಂತ ಯಂತ್ರಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿದಾಗ ತುತ್ತಾದದ್ದು ಭದ್ರತಾ ತಿದ್ದುಪಡಿ ಹಾಕಿಸದ ಹಳೆಯ ವ್ಯವಸ್ಥೆಗಳೇ. ಆದ್ದರಿಂದ ಮರುಸ್ಥಾಪಿತ ಯಂತ್ರಕ್ಕೆ ಅಂತರಜಾಲವೂ ಬೇಡ, ಅಂಗಡಿಯ ಜಾಲವೂ ಬೇಡ. ಪೆನ್ ಡ್ರೈವ್ ಹಾಕುವ ಮುನ್ನ ಹೊಸ ಯಂತ್ರದಲ್ಲಿ ಪರೀಕ್ಷಿಸಬೇಕು.

ಚಾಲ್ತಿ ಲೆಕ್ಕವನ್ನು ಇದರಲ್ಲಿ ಮುಂದುವರಿಸುವುದೂ ಸಲ್ಲದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗಬೇಕೆಂಬ ನಿಯಮವಿದೆ; ಹಳೆಯ ತಂತ್ರಾಂಶಗಳಿಂದ ಇದನ್ನು ನಿರೀಕ್ಷಿಸುವಂತಿಲ್ಲ. ಹಳೆಯ ಯಂತ್ರದ ಕೆಲಸ ಎರಡೇ: ಹಳೆಯ ದಾಖಲೆಯನ್ನು ಓದಿ ಮುದ್ರಿಸಿ ಕೊಡುವುದು, ಮತ್ತು ಬೇರೆಲ್ಲೂ ನಡೆಯದ ವೇಬ್ರಿಡ್ಜ್ ಅಥವಾ ಲೇತಿನ ತಂತ್ರಾಂಶವನ್ನು ಬದಲಿ ಸಿಗುವವರೆಗೆ ನಡೆಸುವುದು. ಅದು ಎದ್ದು ನಿಂತಿರುವಾಗಲೇ ವರ್ಷವಾರು ಖಾತೆಗಳನ್ನು ಮುದ್ರಿಸಿ ಅಥವಾ ಹೊಸ ಯಂತ್ರ ಓದಬಲ್ಲ ರೂಪಕ್ಕೆ ಬದಲಿಸಿ ಇಟ್ಟುಕೊಳ್ಳುವುದು ಜಾಣತನ.

ಸದಸ್ಯ ಬಂಧುಗಳು ಇಂದೇ ಮಾಡಬಹುದಾದ ಕೆಲಸವೊಂದಿದೆ. ತಮ್ಮಲ್ಲಿರುವ ಪ್ರತಿಯೊಂದು ಗಣಕಕ್ಕೂ ಒಂದು ಪುಟದ ಜಾತಕ ಬರೆದಿಡಲಿ: ತಯಾರಕರ ಹೆಸರು, ಕ್ರಮಸಂಖ್ಯೆ, ಖರೀದಿಯ ದಿನಾಂಕ, ಬಂದ ವ್ಯವಸ್ಥೆ, ಕೀಲಿ, ಲಾಕ್ ಇರುವ ತಂತ್ರಾಂಶ, ಸಿ.ಡಿ. ಇಟ್ಟ ಜಾಗ, ನಕಲು ಇಟ್ಟ ಜಾಗ. ಬಿಲ್ಲಿನ ಪ್ರತಿಯೊಡನೆ ಅದನ್ನು ಬೀರುವಿನಲ್ಲಿಡಲಿ. ದುರಸ್ತಿಗೆ ಬಂದವರ ಕೈಗೆ ಯಂತ್ರವನ್ನು ಒಪ್ಪಿಸುವ ಮುನ್ನ ಆ ಪುಟವನ್ನು ಕೊಟ್ಟು, ನಕಲು ಆಗದೆ ಏನನ್ನೂ ಅಳಿಸಕೂಡದೆಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಲಿ.