ಬೇಸ್ ಗಿಟಾರಿಗೆ ಹೊಸ ಪಿಕಪ್: ಆರಿಸುವ ಬಗೆ

ಹಾಡೊಂದನ್ನು ಕೇಳುವಾಗ ನಮ್ಮ ಗಮನವೆಲ್ಲ ಗಾಯಕನ ಕಡೆಗೆ ಹರಿಯುತ್ತದೆ. ಅವನ ಕಂಠದ ಕೆಳಗೆ ಮಂದ್ರದಲ್ಲಿ ನಡೆಯುತ್ತಿರುವ ತಂತಿಯ ನಾದವನ್ನು ಗುರುತಿಸುವವರು ವಿರಳ. ಅದು ಬೇಸ್ ಗಿಟಾರಿನ ನಾದ. ನಮ್ಮ ಕರಾವಳಿಯ ಕಡೆ ಮನೆ ಕಟ್ಟುವವರು ಮೊದಲು ಪಂಚಾಂಗವನ್ನು ಹಾಕುತ್ತಾರೆ. ಮನೆ ಎದ್ದು ನಿಂತ ಮೇಲೆ ಅದನ್ನು ಮೆಚ್ಚುವವರಿಲ್ಲ. ಆದರೆ ಗೋಡೆಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಸಂಗೀತದಲ್ಲಿ ಬೇಸ್ ಗಿಟಾರಿನ ಸ್ಥಾನವೂ ಅಂತಹುದೇ. ಮುಂಬಯಿಯ ಚಿತ್ರಸಂಗೀತದಲ್ಲಿ ರಾಹುಲ್ ದೇವ್ ಬರ್ಮನ್ನರ ವಾದ್ಯವೃಂದದಲ್ಲಿದ್ದ ಟೋನಿ ವಾಝರು ಈ ವಾದ್ಯಕ್ಕೆ ಹೆಸರಾದವರು. ಇಳಯರಾಜರು ಸಂಗೀತವಿತ್ತ 1981ರ ಕನ್ನಡ ಚಿತ್ರ ‘ಗೀತಾ’ದ ಹಾಡುಗಳನ್ನು ಮತ್ತೊಮ್ಮೆ ಕೇಳುವಾಗ, ಕೆಳಗಿನ ಈ ನಡೆಗೂ ತುಸು ಕಿವಿಗೊಡಿರಿ.

ಇಂದು ಡೊಂಬಿವಲಿ, ಮುಲುಂಡ್, ಗೋರೆಗಾಂವ್ ಮೊದಲಾದ ಉಪನಗರಗಳಲ್ಲಿ ತರುಣರು ಕೂಡಿ ಆರ್ಕೆಸ್ಟ್ರಾ ಕಟ್ಟಿಕೊಂಡು ಗಣೇಶೋತ್ಸವದಲ್ಲಿ ಹಾಡುವುದುಂಟು. ಇವರಲ್ಲಿ ಹಲವರು ಹಳೆಯ ವಾದ್ಯವನ್ನೇ ಕೊಳ್ಳುತ್ತಾರೆ. ಅದರ ನಾದ ಕುಂದಿತೆಂದರೆ “ಪಿಕಪ್ ಬದಲಾಯಿಸಿ” ಎಂಬ ಸಲಹೆ ನಾಲ್ಕು ದಿಕ್ಕಿನಿಂದಲೂ ಬರುತ್ತದೆ. ಹೊರದೇಶದ ಒಂದು ಜೋಡಿ ಪಿಕಪ್ಪಿನ ಬೆಲೆಯು ಕೆಲವೊಮ್ಮೆ ಅಗ್ಗದ ವಾದ್ಯವೊಂದರ ಬೆಲೆಯನ್ನೇ ಮುಟ್ಟುತ್ತದೆ. ತಂದೆತಾಯಿಗಳು ಬೆವರು ಸುರಿಸಿ ಗಳಿಸಿದ ಹಣವನ್ನು ಇದಕ್ಕಾಗಿ ವೆಚ್ಚ ಮಾಡುವ ಮೊದಲು, ಪಿಕಪ್ ಎಂದರೇನು, ಅದನ್ನು ಯಾವಾಗ ಬದಲಾಯಿಸಬೇಕು, ಹೇಗೆ ಆರಿಸಬೇಕು ಎಂಬ ಮೂರು ಸಂಗತಿಗಳನ್ನು ನಾವು ತಿಳಿದುಕೊಳ್ಳುವುದು ಅವಶ್ಯ.

ಅಯಸ್ಕಾಂತ ಕ್ಷೇತ್ರದಲ್ಲಿ ಬದಲಾವಣೆಯಾದಾಗ ಅಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. ನಿಮ್ಮ ವಿಜ್ಞಾನದ ಪಾಠದಲ್ಲಿ ಬರುವ ಈ ತತ್ತ್ವವೇ ಪಿಕಪ್ಪಿನ ಜೀವಾಳ. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಪುರವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿಯು ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರವು ಅಲುಗುತ್ತದೆ. ಸುರುಳಿಯಲ್ಲಿ ಅದೇ ಲಯದ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕವು ಅದನ್ನು ದೊಡ್ಡದು ಮಾಡುತ್ತದೆ. ಇದನ್ನು ಆಧರಿಸಿ ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದನು. 1957ರಲ್ಲಿ ಅದರ ಪಿಕಪ್ಪು ಎರಡು ತುಂಡುಗಳಾಯಿತು. 1960ರಲ್ಲಿ ಎರಡು ಪಿಕಪ್ಪುಗಳ ಜಾಝ್ ಬೇಸ್ ಬಂದಿತು. ಇಂದಿಗೂ ಅಗ್ಗದ ವಾದ್ಯಗಳಲ್ಲಿ ಹೆಚ್ಚಿನವು ಈ ಎರಡರ ಮಾದರಿಯನ್ನೇ ಅನುಸರಿಸುತ್ತವೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಇಂತಹ ಪಿಕಪ್ಪು ನಾದವನ್ನು ಕೇಳುವುದಿಲ್ಲ. ತಂತಿಯ ಚಲನೆಯನ್ನು ಮಾತ್ರ ಅರಿಯುತ್ತದೆ. ಉಕ್ಕಿನ ಅಂಶವಿಲ್ಲದ ನೈಲಾನ್ ತಂತಿಯು ಅದಕ್ಕೆ ಇದ್ದೂ ಇಲ್ಲದಂತೆ. ತಂತಿಯೇ ತುಕ್ಕು ಹಿಡಿದು ಸತ್ತಿದ್ದರೆ ಎಷ್ಟು ಬೆಲೆಯ ಪಿಕಪ್ಪೂ ಅದಕ್ಕೆ ಜೀವ ತುಂಬಲಾರದು. ಆದುದರಿಂದ ವೈದ್ಯನು ರೋಗವನ್ನು ಅರಿತು ಮದ್ದು ಕೊಡುವಂತೆ, ನಾವೂ ಮೊದಲು ದೋಷವನ್ನು ಹುಡುಕಬೇಕು.

ಮುಂಬಯಿಯ ಗಾಳಿಯಲ್ಲಿ ತೇವವೂ ಉಪ್ಪಿನ ಅಂಶವೂ ಹೆಚ್ಚು. ಮಳೆಗಾಲದ ನಾಲ್ಕು ತಿಂಗಳಲ್ಲಿ ಲೋಹದ ಭಾಗಗಳು ಬೇಗ ಕೆಡುತ್ತವೆ. ಗುಂಡಿಯನ್ನು ತಿರುಗಿಸಿದಾಗ ಕರಕರ ಸದ್ದು ಬಂದರೆ ದೋಷವು ಆ ಗುಂಡಿಯ ಕೆಳಗಿನ ಬಿಡಿಭಾಗದಲ್ಲಿದೆ. ಕೇಬಲನ್ನು ಅಲುಗಿಸಿದಾಗ ನಾದ ನಿಂತು ನಿಂತು ಬಂದರೆ ಕೇಬಲನ್ನೋ ಅದು ಕೂಡುವ ಜಾಕನ್ನೋ ಪರೀಕ್ಷಿಸಬೇಕು. ಇವು ಅಲ್ಪ ಖರ್ಚಿನ ರಿಪೇರಿಗಳು. ಧ್ವನಿವರ್ಧಕವನ್ನು ಸಣ್ಣಗೆ ಇಟ್ಟು, ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ಲೋಹದ ತಲೆಗಳನ್ನು ಮೆಲ್ಲನೆ ಮುಟ್ಟಿರಿ. ‘ಟಕ್’ ಎಂಬ ಸದ್ದು ಬಂದರೆ ಪಿಕಪ್ಪು ಬದುಕಿದೆಯೆಂದು ತಿಳಿಯಬಹುದು. ಮಲ್ಟಿಮೀಟರಿನಿಂದ ಅಳೆದರೆ ಜಾಝ್ ಮಾದರಿಯ ಒಂದು ಪಿಕಪ್ಪಿನ ವಿದ್ಯುತ್‌ರೋಧವು ಸಾಮಾನ್ಯವಾಗಿ 7ರಿಂದ 8 ಸಾವಿರ ಓಮ್, ಪ್ರಿಸಿಷನ್ ಮಾದರಿಯದು 10ರಿಂದ 11 ಸಾವಿರ ಓಮ್ ಇರುತ್ತದೆ. ಬಿಚ್ಚಿದ ಪಿಕಪ್ಪನ್ನು ಅಳೆದಾಗ ಮೀಟರು ಏನನ್ನೂ ತೋರಿಸದಿದ್ದರೆ ಒಳಗಿನ ಸುರುಳಿ ತುಂಡಾಗಿದೆಯೆಂದು ಅರ್ಥ. ಆಗ ಬದಲಾವಣೆ ಅನಿವಾರ್ಯ.

ಪಿಕಪ್ಪಿನ ಎತ್ತರವನ್ನೂ ನೋಡಬೇಕು. ತಂತಿಯನ್ನು ಕೊನೆಯ ಮೆಟ್ಟಿಲಲ್ಲಿ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ಸುಮಾರು 3 ಮಿ.ಮೀ. ಅಂತರವಿಟ್ಟು ಆರಂಭಿಸಬಹುದು. ದೂರವಾದರೆ ನಾದ ಕ್ಷೀಣಿಸುತ್ತದೆ. ತೀರ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಸೆಳೆದು ಸ್ವರವನ್ನು ಕೆಡಿಸುತ್ತದೆ. ಎರಡು ಸ್ಕ್ರೂಗಳನ್ನು ತಿರುಗಿಸುವುದರಿಂದಲೇ ಎಷ್ಟೋ ವಾದ್ಯಗಳು ಸುಧಾರಿಸುತ್ತವೆ.

ಇನ್ನು ಗುಂಯ್‌ಗುಡುವ ಸದ್ದಿನ ವಿಚಾರ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರ ಗುಂಯ್‌ಕಾರವು 50, 100 ಮುಂತಾದ ಆವರ್ತಗಳಲ್ಲಿ ಕೇಳಿಬರುತ್ತದೆ. ಬೇಸ್ ಗಿಟಾರಿನ ನಾಲ್ಕು ತೆರೆದ ತಂತಿಗಳ ಸ್ವರಗಳು ಸುಮಾರು 41ರಿಂದ 98 ಆವರ್ತಗಳವರೆಗೆ ಇವೆ. ಅಂದರೆ ಈ ಸದ್ದು ನಮ್ಮ ವಾದ್ಯದ ಮನೆಯೊಳಗೇ ಬಂದು ಕೂರುತ್ತದೆ. ಮಂಟಪದ ದೀಪಮಾಲೆಗಳ ನಡುವೆ ಒಂದೇ ಸುರುಳಿಯ ಪಿಕಪ್ಪು ಈ ಕಾಟವನ್ನು ತಪ್ಪಿಸಿಕೊಳ್ಳಲಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸದ್ದು ನಿಲ್ಲಲೆಂದು ಧ್ವನಿವರ್ಧಕದ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಅರ್ಥಿಂಗಿನ ಕಡ್ಡಿಯನ್ನು ಕಿತ್ತುಹಾಕುವವರಿದ್ದಾರೆ. ಗಿಟಾರಿನ ತಂತಿಗಳು ಆ ಅರ್ಥಿಂಗಿಗೆ ಕೂಡಿಕೊಂಡಿರುತ್ತವೆ. ಭಾದ್ರಪದದ ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ನುಡಿಸುವವನಿಗೆ ಇದು ಪ್ರಾಣಾಪಾಯ. ಎಂದೆಂದಿಗೂ ಹಾಗೆ ಮಾಡಕೂಡದು, ಮಾಡಗೊಡಲೂ ಕೂಡದು.

ಸದ್ದಿಗೆ ಸರಿಯಾದ ಉಪಾಯವೇ ಬೇರೆ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿ ಕೂಡಿಸಿದರೆ, ಹೊರಗಿನ ಗುಂಯ್‌ಕಾರವು ಒಂದರಲ್ಲಿ ಧನವಾಗಿ, ಇನ್ನೊಂದರಲ್ಲಿ ಋಣವಾಗಿ ಹುಟ್ಟಿ, ಕೂಡಿದಾಗ ಸೊನ್ನೆಯಾಗುತ್ತದೆ. ಹಾಗಾದರೆ ತಂತಿಯ ನಾದವೂ ಅಳಿಯಬೇಕಲ್ಲವೆ? ಅಳಿಯುವುದಿಲ್ಲ, ಏಕೆಂದರೆ ಎರಡನೆಯ ಸುರುಳಿಯ ಅಯಸ್ಕಾಂತವನ್ನೂ ತಿರುಗಿಸಿಟ್ಟಿರುತ್ತಾರೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ನೀವು ಬೀಜಗಣಿತದಲ್ಲಿ ಕಲಿತಿದ್ದೀರಿ. ಹೀಗೆ ನಾದ ಉಳಿಯುತ್ತದೆ, ಗುಂಯ್‌ಕಾರ ಅಳಿಯುತ್ತದೆ. ಇಂತಹ ಪಿಕಪ್ಪಿಗೆ ಹಮ್‌ಬಕರ್ ಎಂದು ಹೆಸರು. ಪ್ರಿಸಿಷನ್ ಮಾದರಿಯ ಎರಡು ತುಂಡುಗಳೂ ಇದೇ ತತ್ತ್ವದಲ್ಲಿ ಕೆಲಸ ಮಾಡುತ್ತವೆ. ಜಾಝ್ ಮಾದರಿಯಲ್ಲಿ ಎರಡು ಪಿಕಪ್ಪುಗಳನ್ನೂ ಸಮನಾಗಿ ತೆರೆದಾಗ ಸಾಮಾನ್ಯವಾಗಿ ಸದ್ದು ಅಡಗುತ್ತದೆ. ಒಂದನ್ನೇ ತೆರೆದರೆ ಮರಳುತ್ತದೆ. ಇದರಿಂದ ಬೇಸರಗೊಂಡವರು ಅದೇ ಆಕಾರದೊಳಗೆ ಎರಡು ಸುರುಳಿಯಿರುವ ಪಿಕಪ್ಪನ್ನು ಆರಿಸಬಹುದು.

ಸುತ್ತು ಹೆಚ್ಚಾದಷ್ಟೂ ನಾದ ದೊಡ್ಡದಾಗುತ್ತದೆ; ಆದರೆ ತಾರದ ಹೊಳಪು ಕುಗ್ಗುತ್ತದೆ. ಹೀಗಿರಲು ಬಲವೊಂದನ್ನೇ ನೋಡಿ ಮೆಚ್ಚುವುದು ಸರಿಯಲ್ಲ. ಬ್ಯಾಟರಿಯಿಂದ ನಡೆಯುವ ‘ಆಕ್ಟಿವ್’ ಪಿಕಪ್ಪುಗಳೂ ಉಂಟು. ಉದ್ದದ ಕೇಬಲಿನಲ್ಲೂ ಅವುಗಳ ನಾದ ಮಾಸುವುದಿಲ್ಲ. ಆದರೆ ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಗೆ ವಾದ್ಯದೊಳಗೆ ಸ್ಥಳ ಬೇಕು, ಅವಕ್ಕೆ ಹೊಂದುವ ಬೇರೆ ಗುಂಡಿಗಳೂ ಬೇಕು. ಕಾರ್ಯಕ್ರಮದ ನಡುವೆ ಬ್ಯಾಟರಿ ಮುಗಿದರೆ ವಾದ್ಯವೇ ಮೂಕ. ಮೊದಲ ವಾದ್ಯಕ್ಕೆ ಸಾಧಾರಣ ಪಿಕಪ್ಪೇ ಲೇಸೆಂದು ನಮ್ಮ ಅಭಿಪ್ರಾಯ.

ಕೊಳ್ಳುವ ಮುನ್ನ ಅಳತೆಗೋಲನ್ನು ಹಿಡಿಯಿರಿ. ವಾದ್ಯಕ್ಕೆ ನಾಲ್ಕು ತಂತಿಯೋ ಐದೋ, ಪಿಕಪ್ಪಿನ ಉದ್ದಗಲಗಳೆಷ್ಟು, ಸ್ಕ್ರೂಗಳು ಎಲ್ಲಿವೆ ಎಂಬುದನ್ನು ಬರೆದುಕೊಳ್ಳಿರಿ. ಜಾಝ್ ಮಾದರಿಯಲ್ಲಿ ಕುದುರೆಯ ಬಳಿಯ ಪಿಕಪ್ಪು ಕತ್ತಿನ ಕಡೆಯದಕ್ಕಿಂತ ಸುಮಾರು 3 ಮಿ.ಮೀ. ಉದ್ದವಿರುವುದು ವಾಡಿಕೆ, ಅಗ್ಗದ ಕೆಲವು ವಾದ್ಯಗಳಲ್ಲಿ ಎರಡೂ ಸಮ. ಇದನ್ನು ಅರಿಯದೆ ಕೊಂಡರೆ ಮರವನ್ನು ಕೊರೆಯಬೇಕಾದೀತು.

1865ರಿಂದ ನಡೆದುಬಂದ ಫುರ್ಟಾಡೋಸ್‌ನಂತಹ ವಾದ್ಯದ ಅಂಗಡಿಗಳೂ, ಬಿಡಿಭಾಗಗಳಿಗೆ ಹೆಸರಾದ ಲ್ಯಾಮಿಂಗ್ಟನ್ ರಸ್ತೆಯೂ ಈ ನಗರದಲ್ಲೇ ಇರುವುದು ನಮ್ಮ ಭಾಗ್ಯ. ಹೋಗುವಾಗ ನಿಮ್ಮ ವಾದ್ಯವನ್ನು ಕೊಂಡೊಯ್ಯಿರಿ. ಹಳೆಯ ಜೋಡಣೆಯನ್ನು ಬಿಚ್ಚುವ ಮೊದಲು ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆಯೆಂದು ಚಿತ್ರ ಬರೆದಿಡಿರಿ. ಬೆಸುಗೆಯ ಕೆಲಸವನ್ನು ಬಲ್ಲ ಹಿರಿಯರ ಎದುರಿನಲ್ಲೇ ಮಾಡಿರಿ. ಕಳಚಿದ ಪಿಕಪ್ಪನ್ನು ಎಸೆಯದೆ ಕಾಪಾಡಿರಿ. ವಾದ್ಯವನ್ನು ಮುಂದೆ ಮಾರುವಾಗ ಅದು ಬೇಕಾದೀತು.

ಒಟ್ಟಿನಲ್ಲಿ, ಮೊದಲು ತಂತಿ, ಆಮೇಲೆ ಕೇಬಲು ಮತ್ತು ಗುಂಡಿ, ಅನಂತರ ಎತ್ತರ, ಕಟ್ಟಕಡೆಗೆ ಪಿಕಪ್ಪು: ಈ ಕ್ರಮವನ್ನು ಮರೆಯದಿರಿ. ಅಗತ್ಯವಿದ್ದಲ್ಲಿ ಹಣವನ್ನು ಧಾರಾಳವಾಗಿ ವೆಚ್ಚ ಮಾಡಿರಿ. ಅಗತ್ಯವಿಲ್ಲದಲ್ಲಿ ಆ ಹಣವು ನಿಮ್ಮ ಸಂಗೀತ ಪಾಠದ ಶುಲ್ಕಕ್ಕೆ ಒದಗಲಿ.