ತೆರೆಯ ಮೇಲಿನ ಮಾನವ: ನಟನೋ, ಯಂತ್ರಚಿತ್ರವೋ?

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವಾಡುವ ಪರಿಪಾಠ ಇಂದಿಗೂ ಉಳಿದಿದೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವನೇ ಇರುಳಿನಲ್ಲಿ ಕಿರೀಟ ಧರಿಸಿ ದುರ್ಯೋಧನನಾಗುತ್ತಾನೆ. ಅವನು ತಮ್ಮೂರಿನವನೆಂದು ಬಲ್ಲ ಪ್ರೇಕ್ಷಕರೇ ಅವನ ಊರುಭಂಗಕ್ಕೆ ಮರುಗುತ್ತಾರೆ. ತೊಗಲುಗೊಂಬೆಯೂ ಹಾಗೆಯೇ, ತಾನು ಮನುಷ್ಯನೆಂದು ಅದು ಸಾಧಿಸಹೊರಡದು. ಮಾನವಪಾತ್ರವನ್ನು ಜೀವಂತ ನಟನಿಂದ ಆಡಿಸಬೇಕೇ, ಗಣಕಯಂತ್ರದಿಂದ ರಚಿಸಬೇಕೇ ಎಂಬ ಇಂದಿನ ಚಲನಚಿತ್ರ ಜಗತ್ತಿನ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

ಯಂತ್ರಚಿತ್ರವೆಂದಮಾತ್ರಕ್ಕೆ ಅದು ನಟನಿಲ್ಲದೆ ಹುಟ್ಟುವುದೆಂದು ಭಾವಿಸಲಾಗದು. ನಟನ ಮೈಮೇಲೆ ಗುರುತುಗಳನ್ನಿರಿಸಿ, ಅವನ ಚಲನೆಯನ್ನು ಹಲವು ಕ್ಯಾಮರಾಗಳಿಂದ ದಾಖಲಿಸಿ, ಗಣಕದ ಪ್ರತಿಮೆಗೆ ಅಳವಡಿಸುವ ವಿಧಾನವೊಂದುಂಟು. 2014ರಲ್ಲಿ ರಜನಿಕಾಂತ್ ಅವರ ‘ಕೋಚಡೈಯಾನ್’ ಈ ಬಗೆಯಲ್ಲಿ ಸಿದ್ಧವಾಯಿತು. ಆದರೆ ಪ್ರತಿಮೆಯು ಮನುಷ್ಯನಿಗೆ ತೀರ ಸಮೀಪಿಸಿಯೂ ಪೂರ್ಣ ಹೋಲದಿದ್ದಾಗ ನೋಡುವವರಲ್ಲಿ ಒಂದು ಬಗೆಯ ಅಳುಕು ಹುಟ್ಟುವುದೆಂದು ಜಪಾನಿನ ವಿಜ್ಞಾನಿ ಮಸಹಿರೊ ಮೋರಿ 1970ರಷ್ಟು ಹಿಂದೆಯೇ ಯಂತ್ರಮಾನವರನ್ನು ಕುರಿತು ವಿವೇಚಿಸಿದ್ದರು. ಕೃತಕ ಮಾನವರನ್ನೇ ಪಾತ್ರಗಳಾಗಿಸಿದ ‘ಫೈನಲ್ ಫ್ಯಾಂಟಸಿ’ ಚಿತ್ರವು 2001ರಲ್ಲಿ ಅಪಾರ ನಷ್ಟ ಕಂಡಿತು.

ಕನ್ನಡಕ್ಕೂ ಈ ಪ್ರಶ್ನೆ ಹೊಸದಲ್ಲ. ಮೈಸೂರಿನಲ್ಲಿ ಜನಿಸಿದ ಡಾ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾದರು. 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶಿಸಿದ ‘ನಾಗರಹಾವು’ ಚಿತ್ರದಲ್ಲಿ ಮತ್ತೊಬ್ಬರ ದೇಹಕ್ಕೆ ಅವರ ಮುಖವನ್ನು ಗಣಕದಿಂದ ಜೋಡಿಸಲಾಯಿತು. ಅಗಲಿದ ಕಲಾವಿದರನ್ನು ಮರಳಿ ಕಾಣುವ ಅಭಿಮಾನಿಗಳ ಹಂಬಲ ಸಹಜವೇ. ಆದರೆ ಆ ಪಾತ್ರವನ್ನು ಒಪ್ಪುವ ಅಥವಾ ನಿರಾಕರಿಸುವ ಅವಕಾಶ ಅಗಲಿದವರಿಗಿರಲಿಲ್ಲ. ದೇಹ ದಂಡಿಸಿದವರ ಮುಖವೂ ಮರೆಯಾಯಿತು.

ಹಾಗೆಂದು ಗಣಕಚಿತ್ರವನ್ನು ಹಳಿಯುವುದು ಸಲ್ಲದು. ಅದರ ಹಿಂದೆಯೂ ನೂರಾರು ಕಲಾವಿದರ ಕಾಯಕವಿದೆ. 2025ರ ‘ಮಹಾವತಾರ ನರಸಿಂಹ’ದಲ್ಲಿ ನರ-ಸಿಂಹಗಳೆರಡೂ ಬೆರೆತ ರೂಪಕ್ಕೆ ಆ ಕಲೆ ಒಪ್ಪಿತು. ಅದು ಚಿತ್ರವೆಂಬುದೂ ಯಾರಿಗೂ ಮರೆಯಾಗಿರಲಿಲ್ಲ.

ಶರಣರ ಚರಿತ್ರೆಯ ವಿಷಯ ಬೇರೆ. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್, 1983ರ ‘ಕ್ರಾಂತಿಯೋಗಿ ಬಸವಣ್ಣ’ದಲ್ಲಿ ಅಶೋಕ್ ಬಸವಣ್ಣನವರಾದರು, 2017ರಲ್ಲಿ ಧನಂಜಯ ಅಲ್ಲಮರಾದರು. ಬಸವಣ್ಣನವರ ನಿಜಮುಖ ಹೀಗೆಯೇ ಇತ್ತೆಂದು ಬಲ್ಲವರಾರು? ಯಂತ್ರವು ನಿಖರವಾದೊಂದು ಮುಖವನ್ನು ರಚಿಸಿಕೊಟ್ಟರೆ ಎಳೆಯರು ಅದನ್ನೇ ಸತ್ಯವೆಂದು ನಂಬಿಯಾರು. ನಟರು ಬದಲಾಗುತ್ತಿದ್ದರೆ, ಇದು ಒಬ್ಬ ಮನುಷ್ಯ ಮಾಡಿದ ಪ್ರಯತ್ನವೆಂಬ ಅರಿವು ಉಳಿಯುತ್ತದೆ. ಹಸಿವು, ದಣಿವು, ಮರಣಗಳನ್ನು ತನ್ನ ದೇಹದಲ್ಲಿಯೇ ಹೊತ್ತ ನಟನು ಅವುಗಳನ್ನು ಅಭಿನಯಿಸುವಾಗ ಅವನಿಗೂ ನಮಗೂ ನಡುವೆ ಸಂಬಂಧವೊಂದು ಏರ್ಪಡುತ್ತದೆ.

ತಾಯಿತಂದೆಗಳು ಮಕ್ಕಳೊಡನೆ ಚಿತ್ರ ನೋಡುವಾಗ ಇದು ಯಾರ ದೇಹ, ಯಾರ ಧ್ವನಿ, ಯಾರ ಕೈಚಳಕವೆಂದು ಕೇಳಿ ತಿಳಿಸಬೇಕು. ಚಿತ್ರಾಂತ್ಯದಲ್ಲಿ ಮೂಡುವ ಹೆಸರುಗಳನ್ನು ಮಕ್ಕಳಿಂದಲೇ ಓದಿಸುವುದೂ ಒಳ್ಳೆಯ ಅಭ್ಯಾಸ.